ಊಟದ ಹೊತ್ತಿನ ಇಂಟರ್ವ್ಯೂ

ಕೆಲಸ ಹೋದ ಗಂಡಸು ಮನೆಯಲ್ಲಿ ಕೂತರೆ ಇರುವ ಎರಡು ಕೋಣೆಗಳೂ ಅರ್ಧಕ್ಕರ್ಧ ಚಿಕ್ಕವಾಗುತ್ತವೆ. ಬೇಕಾದರೆ ಇಸ್ತ್ರಿಯಕ್ಕನನ್ನು ಕೇಳಿ. ಬೆಳಿಗ್ಗೆ ಕಸ ಗುಡಿಸಲು ಹೋದರೆ ಗಂಡನ ಕಾಲು ಅಡ್ಡ. ಬಟ್ಟೆ ಒಣಹಾಕಲು ಹೋದರೆ ಬಾಲ್ಕನಿಯಲ್ಲಿ ಅವನ ಬೆನ್ನು ಅಡ್ಡ. ಟೀಗೆ ನೀರಿಡೋಣವೆಂದರೆ ಅಡಿಗೆಮನೆಯಲ್ಲೂ ಅವನೇ, ಯಾವುದೋ ಡಬ್ಬಿಯ ಮುಚ್ಚಳ ತೆಗೆದು ಮುಖದ ಹತ್ತಿರ ಹಿಡಿದು ಮತ್ತೆ ಮುಚ್ಚುತ್ತಿರುತ್ತಾನೆ. ಕೇಳಿದರೆ, "ಏನಿಲ್ಲ, ಸುಮ್ನೆ" ಎನ್ನುತ್ತಾನೆ. ಸುಮ್ಮನೆ ಇರುವವರಿಂದಲೇ ಮನೆಯಲ್ಲಿ ಹೆಚ್ಚು ಗದ್ದಲ ಎಂಬುದು ಅವಳ ಅನುಭವ.

ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಒಂದೇ ಬೇಕರಿಯ ಭಟ್ಟಿಯ ಮುಂದೆ ನಿಂತು ಬ್ರೆಡ್ಡು ಬೇಯಿಸಿದ ಮನುಷ್ಯ ಅವನು. ಬೀದಿಯವರಿಗೆಲ್ಲ ಭಟ್ಟಿಯಣ್ಣ. ಅವಳು ಮೂಲೆಯ ಲಾಂಡ್ರಿಯಲ್ಲಿ ಬಟ್ಟೆ ಉಜ್ಜುವವಳಾದ್ದರಿಂದ ಇಸ್ತ್ರಿಯಕ್ಕ. "ಇಬ್ಬರದೂ ಬೆಂಕಿ ಕಸುಬು, ಮನೆಯಲ್ಲಾದ್ರೂ ತಣ್ಣಗಿರಿ" ಎಂದು ಅವನ ತಾಯಿ ತಮಾಷೆ ಮಾಡುತ್ತಿದ್ದಳು. ಬೇಕರಿಯ ಮುದಿ ಮಾಲೀಕ ಅಂಗಡಿಯನ್ನು ಮೊಬೈಲ್ ಮಾರುವವರಿಗೆ ಕೊಟ್ಟು ಕೈ ತೊಳೆದುಕೊಂಡ ಮೇಲೆ ಆ ತಮಾಷೆಗೂ ರಜ ಸಿಕ್ಕಿತ್ತು.

ಕತ್ತಲಾದ ಮೇಲೆ ಬೆಳಕು ತಂದವಳು ಮಗಳು. ಹೆಸರಿಗೇನೋ ಪುಟ್ಟಿ, ಆದರೆ ಮನೆಯಲ್ಲಿ ಎಲ್ಲರಿಗಿಂತ ಎತ್ತರ. ಜನರಿಗೆ ಕೆಲಸ ಹುಡುಕಿಕೊಡುವ ಏಜೆನ್ಸಿಯೊಂದರ ಮುಂದಿನ ಮೇಜಿನಲ್ಲಿ ಕೂರುತ್ತಿದ್ದಳು. ಊರಾಚೆಯ ದೊಡ್ಡ ಬ್ರೆಡ್ ಕಾರ್ಖಾನೆಗೆ ಭಟ್ಟಿ ವಿಭಾಗ ನೋಡಿಕೊಳ್ಳಲು ಅನುಭವಸ್ಥರು ಬೇಕಾಗಿದ್ದಾರೆ ಎಂದು ಗೊತ್ತಾದ ಕೂಡಲೇ ಅಪ್ಪನ ಅರ್ಜಿಯನ್ನು ತಾನೇ ಬರೆದು ಕಳಿಸಿದ್ದಳು. ಅದರಲ್ಲಿ ಅವಳ ಸ್ವಂತದ ಆಸೆಯೂ ಇತ್ತು, ಅದನ್ನೇನೂ ಅವಳು ಮುಚ್ಚಿಟ್ಟಿರಲಿಲ್ಲ. ಫಿಸಿಯೋಥೆರಪಿ ಕೋರ್ಸಿಗೆ ಅವಳಿಗೆ ಸೀಟು ಸಿಕ್ಕಿತ್ತು. ಹೋದ ವರ್ಷವೂ ಸಿಕ್ಕಿ, ಮನೆಯ ಸಲುವಾಗಿ ಬಿಟ್ಟಿದ್ದಳು. ಅಪ್ಪನಿಗೆ ಈ ಕೆಲಸವಾದರೆ ಅವಳು ತನ್ನ ಕೆಲಸ ಬಿಟ್ಟು ಓದಲು ಹೋಗಬಹುದು, ಆಗದಿದ್ದರೆ ಇಲ್ಲ. ಲೆಕ್ಕ ಅಷ್ಟು ಸರಳ.

ಹೀಗಾಗಿ ಪ್ರತಿ ಸಂಜೆ ಊಟದ ಮೇಜಿನಲ್ಲಿ ಇಂಟರ್ವ್ಯೂ ಶುರುವಾಯಿತು.

"ಅಪ್ಪ, ಕೊನೇಲಿ ಇದನ್ನ ಕೇಳೇ ಕೇಳ್ತಾರೆ. ನಿಮ್ಮ ದೌರ್ಬಲ್ಯ ಏನು?"

ಭಟ್ಟಿಯಣ್ಣ ತಟ್ಟೆಯಿಂದ ತಲೆ ಎತ್ತಿದ. "ಯಾರದು?"

"ನಿಂದು."

"ಅದನ್ನ ಯಾಕೆ ಕೇಳ್ತಾರೆ? ನನಗೇನು ಬರುತ್ತೆ ಅಂತ ಕೇಳ್ಲಿ, ಹೇಳ್ತೀನಿ. ಏನು ಬರಲ್ಲ ಅನ್ನೋದನ್ನ ಕಟ್ಟಿಕೊಂಡು ಅವರಿಗೇನಾಗ್ಬೇಕು?"

"ಎಲ್ಲರನ್ನೂ ಕೇಳ್ತಾರಪ್ಪ. ಅದೊಂದು ಪದ್ಧತಿ."

ಮೆತ್ತಗಿನ ಅನ್ನವನ್ನು ಇನ್ನಷ್ಟು ಮೆತ್ತಗೆ ಕಲಸುತ್ತಿದ್ದ ಅಜ್ಜಿ ಬಾಯಿ ಹಾಕಿದಳು. "ಇವನ ದೌರ್ಬಲ್ಯ ಇವನನ್ನೇ ಕೇಳಿದ್ರೆ ಏನು ಸಿಗುತ್ತೆ? ನನ್ನ ಕರೀಲಿ. ಒಂದು ಕುರ್ಚಿ, ಒಂದು ಲೋಟ ಟೀ ಕೊಟ್ಟು ಕೂರಿಸಿದ್ರೆ ಹುಟ್ಟಿದ ದಿನದಿಂದ ಶುರು ಮಾಡ್ತೀನಿ."

"ಅಜ್ಜಿ, ಸುಮ್ನಿರು. ಅಪ್ಪ, ಕೇಳಿಸ್ಕೋ. 'ಹಿಡಿದ ಕೆಲಸ ಮುಗಿಯೋವರೆಗೂ ನನಗೆ ಎದ್ದು ಬರೋಕೆ ಆಗಲ್ಲ, ಅದೇ ನನ್ನ ದೌರ್ಬಲ್ಯ.' ಹೀಗೆ ಹೇಳ್ಬೇಕು."

"ಇದು ದೌರ್ಬಲ್ಯಾನಾ?" ಅಜ್ಜಿಗೆ ನಗು. "ಇದು ಹೊಗಳಿಕೆ ಕಣೇ. ಅಂಗಿ ತಿರುವಿ ಹಾಕಿಕೊಂಡಿದೆ ಅಷ್ಟೆ."

"ಅದೇ ಬೇಕಾಗಿರೋದು. ಹೇಳಪ್ಪ ಒಂದ್ಸಲ."

ಅವನು ಹೇಳಿದ. ಪಾಠ ಒಪ್ಪಿಸುವ ಹುಡುಗನ ಹಾಗೆ, ತಟ್ಟೆ ನೋಡುತ್ತ. ಹೇಳಿ ಮುಗಿಸಿ ಕೈ ಚಾಚಿ ಉಪ್ಪಿನ ಡಬ್ಬಿ ಎಳೆದುಕೊಂಡು ಅನ್ನದ ಮೇಲೆ ಉದುರಿಸಿದ. ಇನ್ನೂ ಒಂದು ತುತ್ತೂ ಬಾಯಿಗಿಟ್ಟಿರಲಿಲ್ಲ.

ಇಸ್ತ್ರಿಯಕ್ಕನಿಗೆ ಅದೇ ಸಾಕಾಯಿತು. ದಿನವಿಡೀ ನಿಂತು ಬೇರೆಯವರ ಅಂಗಿ ಉಜ್ಜಿ, ಬಂದು ಒಲೆಯ ಮುಂದೆ ನಿಂತು ಬೇಯಿಸಿದ ಅಡಿಗೆ ಅದು. "ರೀ, ಬಾಯಿಗಿಟ್ಟು ನೋಡೋಕೇನು ಕಷ್ಟ? ರುಚಿ ನೋಡದೇನೇ ಉಪ್ಪು ಸುರ್ಕೋತೀರಲ್ಲ."

"ಬೇಕಾಯ್ತು, ಹಾಕ್ಕೊಂಡೆ."

"ಎರಡು ವರ್ಷದಿಂದ ಇದೇ ಆಯ್ತು. ಚೆನ್ನಾಗಿದೆ ಅಂತಿಲ್ಲ, ಕೆಟ್ಟಿದೆ ಅಂತಿಲ್ಲ. ಮೊದಲೆಲ್ಲ ಬಾಗಿಲಲ್ಲಿ ಚಪ್ಪಲಿ ಬಿಡೋವಾಗ್ಲೇ ಒಲೆ ಮೇಲೆ ಏನಿದೆ ಅಂತ ಹೇಳ್ತಿದ್ರಿ. ಈಗ ಹಸು ಹುಲ್ಲು ತಿಂದಂಗೆ ತಿಂದು ಏಳ್ತೀರಿ. ನಿಮ್ಮ ದೌರ್ಬಲ್ಯ ತಾನೆ? ನಾನು ಹೇಳ್ತೀನಿ ಪುಟ್ಟಿ, ಬರ್ಕೋ. ಹೆಂಡತಿ ಕೈಯಡಿಗೆ ನಿಮ್ಮಪ್ಪನಿಗೆ ಸಾಕಾಗಿದೆ. ಅದನ್ನ ಬಾಯಿಬಿಟ್ಟು ಹೇಳೋ ಧೈರ್ಯ ಇಲ್ಲ."

"ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಅಂತಾರೆ" ಎಂದಳು ಅಜ್ಜಿ, ಮಾತು ತಿರುಗಿಸಲು. "ಇವನಿಗೆ ಉಪ್ಪಾದರೂ ಗೊತ್ತಿದೆ, ನಿನ್ನ ಮಾವನಿಗೆ ಅದೂ ಗೊತ್ತಿರಲಿಲ್ಲ."

ಯಾರೂ ನಗಲಿಲ್ಲ. ಭಟ್ಟಿಯಣ್ಣ ತಟ್ಟೆ ಎತ್ತಿಕೊಂಡು ಬಾಲ್ಕನಿಗೆ ಹೋಗಿ, ನಿಂತುಕೊಂಡೇ ಉಂಡ.

ಆ ಮಾತಿನ ಬಿಸಿ ಆರಲು ಒಂದು ವಾರ ಬೇಕಾಯಿತು. ಆರಿತು ಎನ್ನುವಷ್ಟರಲ್ಲಿ ನಿಜವಾದ ಬೆಂಕಿಯ ಸರದಿ ಬಂತು. ಅವತ್ತು ಮಧ್ಯಾಹ್ನ ಲಾಂಡ್ರಿಯಲ್ಲಿ ಕರೆಂಟು ಹೋಗಿ ಇಸ್ತ್ರಿಯಕ್ಕ ಬೇಗ ಮನೆಗೆ ಹೊರಟಳು. ಕಟ್ಟಡದ ಕೆಳಗೆ ಬಿಸಿಲಿಗೆ ಕೂತ ಮುದುಕಿಯರ ನಡುವೆ ಅತ್ತೆಯೂ ಇದ್ದಳು. ಮೊದಲನೇ ಮೆಟ್ಟಿಲಿಗೇ ಹೊತ್ತಿದ ವಾಸನೆ ಮೂಗಿಗೆ ಹೊಡೆಯಿತು. ಎರಡನೇ ಮಹಡಿಗೆ ಬರುವಷ್ಟರಲ್ಲಿ ಕೆಳಮನೆಯ ಟೈಲರ್ ಅವಳ ಮನೆಯ ಬಾಗಿಲನ್ನು ಎರಡೂ ಕೈಯಿಂದ ಬಡಿಯುತ್ತಿದ್ದುದು ಕಾಣಿಸಿತು.

ಬಾಗಿಲು ತೆರೆದವನು ಅವಳ ಗಂಡ. ಒಗೆದ ಅಂಗಿ ಹಾಕಿಕೊಂಡಿದ್ದ, ತಲೆ ಬಾಚಿದ್ದ. "ಏನಾಯ್ತು?" ಎಂದ, ಇಬ್ಬರ ಮುಖವನ್ನೂ ನೋಡುತ್ತ.

"ಏನಾಯ್ತಾ!" ಎಂದ ಟೈಲರ್.

ಅವಳು ಅವನನ್ನು ಪಕ್ಕಕ್ಕೆ ತಳ್ಳಿ ಒಳಗೆ ಓಡಿದಳು. ಅಡಿಗೆಮನೆಯ ಬಾಗಿಲು ಮುಂದೆ ಹಾಕಿತ್ತು. ತೆರೆದರೆ ಹೊಗೆ ಮುಖಕ್ಕೆ ರಾಚಿತು. ಅನ್ನದ ಪಾತ್ರೆಯೊಳಗೆ ಅನ್ನವಿರಲಿಲ್ಲ, ಇದ್ದಿಲಿತ್ತು. ಒಲೆ ಆರಿಸಿ, ಕಿಟಕಿ ತೆರೆದು, ಪಾತ್ರೆಯನ್ನು ನಲ್ಲಿಯ ಕೆಳಗೆ ಎಸೆದು, ಕೆಮ್ಮುತ್ತ ಹೊರಗೆ ಬಂದಳು. ಟೈಲರ್ ತಲೆಯಾಡಿಸಿ ಇಳಿದುಹೋಗಿದ್ದ. ಗಂಡ ಮತ್ತೆ ಕನ್ನಡಿಯ ಮುಂದೆ ನಿಂತಿದ್ದ. ಅನ್ನಕ್ಕಿಟ್ಟು, ಅಲ್ಲೇ ನಿಂತು ಉತ್ತರ ಬಾಯಿಪಾಠ ಮಾಡುತ್ತಿದ್ದನಂತೆ. ಅಡಿಗೆಮನೆಗೂ ಕನ್ನಡಿಗೂ ನಡುವೆ ಒಂದು ಬಾಗಿಲು, ನಾಲ್ಕು ಹೆಜ್ಜೆ.

"ಕೆಳಗಿನ ಮನೆಯವರಿಗೆ ಗೊತ್ತಾಗುತ್ತೆ, ಬೀದಿಗೆ ಗೊತ್ತಾಗುತ್ತೆ, ನಿಮಗೆ ಗೊತ್ತಾಗಲ್ವಾ? ಮೂಗು ಎಲ್ಲಿಟ್ಟಿದ್ರಿ?"

ಅವನು ಬಾಚಣಿಗೆಯನ್ನು ಕನ್ನಡಿಯ ಪಕ್ಕ ಇಟ್ಟ.

"ನಿಮ್ಮನ್ನೇ ಕೇಳ್ತಿರೋದು!"

"ಗೊತ್ತಾಗಲ್ಲ ಕಣೆ" ಎಂದ. "ಎರಡು ವರ್ಷದ ಹಿಂದೆ ಜ್ವರ ಬಂದಿತ್ತಲ್ಲ, ಆವಾಗಿನಿಂದ. ಏನೂ ಬರಲ್ಲ ಮೂಗಿಗೆ. ಬ್ರೆಡ್ಡೂ ಇಲ್ಲ, ಬೆಣ್ಣೆಯೂ ಇಲ್ಲ, ಹೊಗೆಯೂ ಇಲ್ಲ. ನಾಲಿಗೆಗೆ ಉಪ್ಪು, ಸಿಹಿ, ಹುಳಿ, ಖಾರ. ಅಷ್ಟೇ."

"ಬೇಕರಿಯಲ್ಲಿ ಹೇಗೆ ಮಾಡ್ತಿದ್ರಿ?"

"ಗಡಿಯಾರ ನೋಡ್ತಿದ್ದೆ. ಬಣ್ಣ ನೋಡ್ತಿದ್ದೆ. ಹಿಟ್ಟು ನಾದೋನನ್ನ, ಇದು ಹೇಗಿದೆ ನೋಡಯ್ಯಾ ಅಂತ ಅವನ ಮೂಗಿಗೆ ಹಿಡೀತಿದ್ದೆ. ದೊಡ್ಡವನು ಕೇಳ್ತಾನೆ ಅಂತ ಅವನಿಗೂ ಖುಷಿ."

ಅವಳು ಕುರ್ಚಿಯ ಮೇಲೆ ಕುಸಿದಳು. ಹೆದರಿಕೆ ಇಳಿಯುತ್ತಿದ್ದಂತೆ ಅದರ ಜಾಗಕ್ಕೆ ಸಿಟ್ಟು ಬಂತು, ಸಿಟ್ಟಿನ ಬೆನ್ನಿಗೆ ಅಳು. "ಎಣ್ಣೆ ಬದಲಾಯಿಸಿದೆ. ಮಸಾಲೆ ಬದಲಾಯಿಸಿದೆ. ಲಾಂಡ್ರಿ ಹುಡುಗೀರನ್ನ ಕೇಳಿ ಕೇಳಿ ಹೊಸ ಹೊಸದು ಮಾಡಿ ಹಾಕ್ದೆ. ನನ್ನ ಕೈಯೇ ಕೆಟ್ಟುಹೋಯ್ತು ಅಂದ್ಕೊಂಡೆ. ನನ್ನ ಮೇಲೇ ನಿಮಗೆ ಬೇಜಾರಾಗಿದೆ ಅಂದ್ಕೊಂಡೆ. ಒಂದು ಮಾತು ಹೇಳೋಕಾಗ್ಲಿಲ್ವಾ?"

"ನೀನು ಕಷ್ಟಪಟ್ಟು ಮಾಡಿ ಹಾಕ್ತೀಯ. ಅದು ನನಗೆ ಗೊತ್ತೇ ಆಗ್ತಿಲ್ಲ ಅಂತ ಹೇಗೆ ಹೇಳ್ಲಿ? ಭಟ್ಟಿ ಮುಂದೆ ನಿಲ್ಲೋನಿಗೆ ಮೂಗಿಲ್ಲ ಅಂದ್ರೆ ಯಾರಾದ್ರೂ ಇಟ್ಕೋತಾರಾ? ಬಾಯಿ ಬಿಟ್ರೆ ಬಣ್ಣಗೇಡು."

ಅವಳಿಗೆ ಅವನನ್ನು ಹೊಡೆಯಬೇಕೆನಿಸಿತು. ತಲೆ ಸವರಬೇಕೆಂದೂ ಅನಿಸಿತು. ಎರಡನ್ನೂ ಮಾಡದೆ ಎದ್ದು ಪಾತ್ರೆ ಉಜ್ಜತೊಡಗಿದಳು. ಆಸ್ಪತ್ರೆಗೆ ತೋರಿಸಿದ್ದೀರಾ ಎಂದಾಗ, "ತೋರಿಸಿದ್ದಾಯ್ತು. ಬಂದ್ರೆ ಬರುತ್ತೆ, ಇಲ್ಲದಿದ್ರೆ ಇಲ್ಲ ಅಂದ್ರು ಡಾಕ್ಟರು" ಎಂದ.

ಸಂಜೆ ಸುದ್ದಿ ಮೇಜಿಗೆ ಬಂತು. ಪುಟ್ಟಿಯ ಮುಖ ಬಿಳಿಚಿತು. ಅಪ್ಪನ ಮೇಲಿನ ಕನಿಕರಕ್ಕೋ, ಸೀಟಿನ ನೆನಪಿಗೋ, ಅವಳಿಗೇ ಗೊತ್ತಿರಬೇಕು.

"ಅಪ್ಪ, ಅಲ್ಲಿ ಬರೀ ಭಟ್ಟಿ ಅಲ್ಲ. ದಿನಾ ಬೆಳಿಗ್ಗೆ ಬರೋ ಬೆಣ್ಣೆ, ಎಣ್ಣೆ ಎಲ್ಲಾ ಮೂಸಿ ನೋಡಿ ಒಳಗೆ ಬಿಡಬೇಕಾದೋನು ನೀನೇ."

"ಗೊತ್ತು."

"ಹಾಗಾದ್ರೆ ಇದನ್ನ ಅಲ್ಲಿ ಬಾಯಿ ತಪ್ಪಿಯೂ ಹೇಳ್ಬೇಡ. ದೌರ್ಬಲ್ಯ ಕೇಳಿದ್ರೆ ನಾನು ಹೇಳಿಕೊಟ್ಟದ್ದೇ ಹೇಳು."

"ಕೆಟ್ಟ ಬೆಣ್ಣೆ ಒಳಗೆ ಹೋದ್ರೆ?"

ಉತ್ತರಿಸಿದವಳು ಇಸ್ತ್ರಿಯಕ್ಕ. ಗಂಡ ಸುಳ್ಳು ಹೇಳಬಾರದು ಎಂದು ಅವಳು ಹಟ ಹಿಡಿದಳು ಎಂದು ಬರೆದರೆ ಕಥೆಗೆ ಶೋಭೆ, ಆದರೆ ನಡೆದದ್ದು ಹಾಗಲ್ಲ. ಅವಳ ಕಣ್ಣ ಮುಂದೆ ಮಗಳ ಬಿಳಿಚಿದ ಮುಖವಿತ್ತು. ಲಾಂಡ್ರಿಯಲ್ಲಿ ನಿಂತು ನಿಂತು ಊದಿದ ತನ್ನ ಕಾಲಿತ್ತು. "ಕಲೀರಿ" ಎಂದಳು. "ಕಣ್ಣಿಲ್ಲದೋರು ಕೈಯಲ್ಲಿ ನೋಡಲ್ವಾ? ನೀವು ನಾಲಿಗೆಯಲ್ಲಿ, ಬೆರಳಲ್ಲಿ ನೋಡಿ. ನಾವು ಕಲಿಸ್ತೀವಿ."

ಮಾರನೆಯ ದಿನದಿಂದ ಮೇಜಿನ ಮೇಲೆ ಬಟ್ಟಲುಗಳು ಸಾಲಾಗಿ ಕೂತವು. ಒಂದರಲ್ಲಿ ಹೊಸ ಎಣ್ಣೆ, ಒಂದರಲ್ಲಿ ಮೂರು ಸಲ ಕರಿದ ಹಳೇ ಎಣ್ಣೆ. ಒಂದರಲ್ಲಿ ಇವತ್ತಿನ ಬೆಣ್ಣೆ, ಇನ್ನೊಂದರಲ್ಲಿ ಕಿಟಕಿಯ ಬಿಸಿಲಿಗಿಟ್ಟು ಕೆಡಿಸಿದ್ದು. ಹಾಲು, ಮೊಟ್ಟೆ, ಹಿಂದಿನ ದಿನದ ಬೇಳೆ. ಬಟ್ಟಲು ಅದಲು ಬದಲು ಮಾಡುವುದು ಪುಟ್ಟಿ. ನ್ಯಾಯಾಧೀಶೆ ಅಜ್ಜಿ, ಅವಳ ಮೂಗು ಇನ್ನೂ ಗಟ್ಟಿ. ಅವನು ಬೆರಳಲ್ಲಿ ಅದ್ದಿ ಉಜ್ಜಿ ನೋಡುವನು, ದೀಪಕ್ಕೆ ಹಿಡಿಯುವನು, ನಾಲಿಗೆಯ ತುದಿಗೆ ಹಚ್ಚುವನು, ಹುಬ್ಬು ಗಂಟಿಕ್ಕುವನು.

"ಇದು... ಹಳೇದು."

"ಫೇಲ್!" ಅಜ್ಜಿ ಮೇಜು ಕುಟ್ಟುವಳು. "ಮುಂದಿನ ಅಭ್ಯರ್ಥಿ ಬರಲಿ!"

"ಅಮ್ಮಾ, ಸ್ವಲ್ಪ ತಡಿ, ಇನ್ನೊಂದ್ಸಲ ನೋಡ್ತೀನಿ."

"ಕಾರ್ಖಾನೆಯಲ್ಲಿ ಇನ್ನೊಂದ್ಸಲ ಇಲ್ಲಪ್ಪ. ಅಲ್ಲಿ ನಿನ್ನಮ್ಮ ಕೂತಿರಲ್ಲ."

ಎಷ್ಟೋ ತಿಂಗಳಿಂದ ಆ ಮನೆಯಲ್ಲಿ ಇಷ್ಟು ನಗು ಕೇಳಿರಲಿಲ್ಲ. ಕೆಳಮನೆಯ ಟೈಲರ್ ಏನೋ ಒಳ್ಳೇ ಸುದ್ದಿಯಿರಬೇಕು ಎಂದುಕೊಂಡನಂತೆ. ಇಸ್ತ್ರಿಯಕ್ಕನಿಗೂ ಹಗುರವೆನಿಸಿತು. ಗಂಡ ಈಗ ಉಪ್ಪು ಹಾಕಿಕೊಂಡರೆ ಅವಳಿಗೆ ಕೋಪ ಬರುತ್ತಿರಲಿಲ್ಲ, ಡಬ್ಬಿಯನ್ನು ತಾನೇ ಅವನ ಕಡೆ ಸರಿಸುತ್ತಿದ್ದಳು. ಏನು ಕಲಿಸುತ್ತಿದ್ದೇವೆ, ಯಾಕೆ ಕಲಿಸುತ್ತಿದ್ದೇವೆ ಎಂಬುದನ್ನು ಯಾರೂ ಯೋಚಿಸಲು ಹೋಗಲಿಲ್ಲ. ನೀರಿಗಿಳಿದ ಮೇಲೆ ಚಳಿಯೇನು, ಮಳೆಯೇನು?

ದಿನ ಕಳೆದಂತೆ ಅವನ ತಪ್ಪುಗಳು ಕಡಿಮೆಯಾದವು. ಬೆಣ್ಣೆಯಲ್ಲಿ ಪಳಗಿದ, ಎಣ್ಣೆಯಲ್ಲಿ ಇನ್ನೂ ಚುರುಕಾದ. ಬೇಳೆಯೊಂದು ಮಾತ್ರ ಒಮ್ಮೊಮ್ಮೆ ಕೈ ಕೊಡುತ್ತಿತ್ತು, ಅದರಲ್ಲಿ ಟೊಮೇಟೊ ಹಾಕಿದ್ದರೆ ಹುಳಿ ಯಾವುದರದೆಂದು ತಿಳಿಯುತ್ತಿರಲಿಲ್ಲ. ಆದರೂ ಒಂದು ಸಂಜೆ ಎಲ್ಲ ಬಟ್ಟಲನ್ನೂ ಸರಿಯಾಗಿ ಹೇಳಿಬಿಟ್ಟ. ಅಜ್ಜಿ ಎದ್ದು ನಿಂತು ಅವನ ತಲೆಯ ಮೇಲೆ ಕೈಯಿಟ್ಟು, "ಪಾಸು!" ಎಂದು ಸಾರಿದಳು. ಪುಟ್ಟಿ ಕುಣಿದಳು.

ಇಂಟರ್ವ್ಯೂಗೆ ಒಂದು ದಿನ ಉಳಿದಿತ್ತು. ಇಸ್ತ್ರಿಯಕ್ಕ ಲಾಂಡ್ರಿಯಿಂದ ಬಂದಾಗ ಅತ್ತೆ ಬಚ್ಚಲಲ್ಲಿ ಗೋಡೆ ಹಿಡಿದು ವಾಂತಿ ಮಾಡುತ್ತಿದ್ದಳು. ಗಂಡ ಬೆನ್ನು ಸವರುತ್ತಿದ್ದ. "ಬಿಸಿಲಲ್ಲಿ ಜಾಸ್ತಿ ಕೂತಿದ್ಲೇನೋ" ಎಂದ. ಅಜ್ಜಿಯೂ ತಲೆಯಾಡಿಸಿ ಬಿಸಿಲು, ಬಿಸಿಲು ಎಂದಳು. ಅವಳನ್ನು ಮಲಗಿಸಿ, ನೀರು ಕುಡಿಸಿ, ಗಂಡನನ್ನು ಔಷಧಿ ಅಂಗಡಿಗೆ ಅಟ್ಟಿ, ಇಸ್ತ್ರಿಯಕ್ಕ ಪಾತ್ರೆ ತೊಳೆಯಲು ಕೂತಳು. ಬೇಳೆಯ ಪಾತ್ರೆ ಕೈಗೆ ಬಂತು. ಮೊನ್ನೆಯ ಬೇಳೆ, ಅಭ್ಯಾಸಕ್ಕೆಂದು ತೆಗೆದಿಟ್ಟದ್ದು. ಮೂಗಿನ ಹತ್ತಿರ ತಂದಳು. ಹಳಸಿದ ನಾತ. ಪಾತ್ರೆಯನ್ನು ಅಲ್ಲೇ ಇಟ್ಟಳು.

ಅತ್ತೆಯ ಹಾಸಿಗೆಯ ಅಂಚಿನಲ್ಲಿ ಹೋಗಿ ಕೂತಳು. "ಅತ್ತೆ, ಮಧ್ಯಾಹ್ನ ಏನು ತಿಂದ್ರಿ?"

"ಅವನೇ ಬಿಸಿ ಮಾಡಿ ಬಡಿಸಿದ. ಪಾಪ, ನನಗೆ ಅಂತ."

"ಹಳಸಿತ್ತು ಅಂತ ಗೊತ್ತಾಗ್ಲಿಲ್ವಾ ನಿಮಗೆ?"

ಅಜ್ಜಿ ಗೋಡೆಯ ಕಡೆ ನೋಡಿದಳು. "ಗೊತ್ತಾಗದೇ ಏನು? ತಟ್ಟೆ ಮುಂದಿಟ್ಟಾಗ್ಲೇ ಗೊತ್ತಾಯ್ತು."

"ಮತ್ತೆ ಯಾಕೆ ತಿಂದ್ರಿ!"

"ಬೆರಳಲ್ಲಿ ಉಜ್ಜಿ ನೋಡಿದ, ನಾಲಿಗೆಗೆ ಹಚ್ಚಿ ನೋಡಿದ. 'ಚೆನ್ನಾಗಿದೆ ಅಮ್ಮ, ತಿನ್ನು' ಅಂದ. ಎಷ್ಟು ಖುಷಿ ಇತ್ತು ಗೊತ್ತಾ ಮುಖದಲ್ಲಿ? ನಾನೇ ಪಾಸು ಅಂದೋಳು. ನಾಳೆ ಇಂಟರ್ವ್ಯೂ ಇಟ್ಕೊಂಡು ಇವತ್ತು ಫೇಲ್ ಅನ್ನಲಾ?" ಉಸಿರು ತೆಗೆದುಕೊಂಡು ಸೊಸೆಯ ಕೈ ಹಿಡಿದಳು. "ಅವನಿಗೆ ಹೇಳ್ಬೇಡ. ನಾಳೆ ಒಂದು ದಿನ ಕಳೀಲಿ. ನನಗೇನಾಗಲ್ಲ."

ಹುಟ್ಟಿದಾಗಿನಿಂದ ಮಗನ ತಪ್ಪುಗಳನ್ನು ಬೆರಳು ಮಡಿಸಿ ಎಣಿಸುತ್ತ ಬಂದ ಮುದುಕಿ ಇದೊಂದು ತಪ್ಪನ್ನು ನುಂಗಿದ್ದಳು. ಇಸ್ತ್ರಿಯಕ್ಕ ಪಾತ್ರೆಯನ್ನು ಎರಡು ಸಲ ತೊಳೆದಳು. ಗಂಡನಿಗೆ ಏನೂ ಹೇಳಲಿಲ್ಲ.

ಬೆಳಿಗ್ಗೆ ಅಜ್ಜಿ ಎದ್ದು ಕೂತು ಎರಡು ಚಮಚ ಗಂಜಿ ಕುಡಿದಳು. ಪುಟ್ಟಿ ಅಪ್ಪನ ಕಾಲರ್ ಸರಿಮಾಡಿ, ಕೊನೆಯ ಬಾರಿ ಪ್ರಶ್ನೆ ಕೇಳಿ, ಕೆಲಸಕ್ಕೆ ಹೋದಳು. ಇಸ್ತ್ರಿಯಕ್ಕ ತನ್ನ ಕೈಯಾರೆ ಉಜ್ಜಿದ ಅಂಗಿ ಅವನ ಮೈಮೇಲೆ ಹೊಸದರ ಹಾಗೆ ನಿಂತಿತ್ತು. ಬಸ್ ನಿಲ್ದಾಣದವರೆಗೆ ಅವಳೂ ಜೊತೆಗೆ ಹೊರಟಳು. ಹೇಳಬಾರದು ಎಂದು ನಿರ್ಧರಿಸಿಯೇ ಹೊರಟಿದ್ದಳು. ಕೆಲಸ ಸಿಗಲಿ, ಆಮೇಲೆ ನೋಡಿಕೊಳ್ಳೋಣ.

ನಿಲ್ದಾಣದಲ್ಲಿ ಅವನು ಹಗುರವಾಗಿ ಮಾತಾಡಿದ. "ನಿನ್ನೆವರೆಗೂ ನನಗೆ ಒಳಗೊಳಗೇ ಭಯ ಇತ್ತು ಕಣೆ. ಬಟ್ಟಲಲ್ಲಿ ಹೇಳೋದು ಬೇರೆ, ತಿನ್ನೋರಿಗೆ ಕೊಡೋದು ಬೇರೆ. ಅದಕ್ಕೇ ನಿನ್ನೆ ಯಾರನ್ನೂ ಕೇಳದೆ ನಾನೇ ನೋಡಿ, ನಾನೇ ತೀರ್ಮಾನ ಮಾಡಿ ಅಮ್ಮನಿಗೆ ಬಡಿಸಿದೆ. ಅವಳ ಬಾಯಿ ನಿನಗೆ ಗೊತ್ತಲ್ಲ, ಒಂದು ಕಲ್ಲು ಸಿಕ್ಕಿದ್ರೂ ಊರಿಗೆಲ್ಲ ಕೇಳ್ಸೋಳು. ತಟ್ಟೆ ಬಳಿದು ತಿಂದಳು! ಅಲ್ಲಿಗೆ ಧೈರ್ಯ ಬಂತು. ಇನ್ನು ಯಾವ ಬೆಣ್ಣೆ ಬಂದ್ರೂ ನಾನು ನೋಡ್ಕೋತೀನಿ."

ದೂರದಲ್ಲಿ ಬಸ್ಸು ತಿರುವಿನಲ್ಲಿ ಕಾಣಿಸಿಕೊಂಡಿತು. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ಕಾರ್ಖಾನೆಯಿಂದ ಹೊರಡುವ ಬ್ರೆಡ್ಡಿನ ಗಾಡಿಗಳು ಕಣ್ಣಿಗೆ ಬಂದವು. ಆ ಬ್ರೆಡ್ಡು ತಿನ್ನುವವರೆಲ್ಲರ ಮನೆಯಲ್ಲೂ ಒಬ್ಬ ಅತ್ತೆ, ಒಂದು ಮಗು.

"ಆ ಬೇಳೆ ಹಳಸಿತ್ತು ರೀ."

"ಏನು?"

"ಹಳಸಿತ್ತು. ಅತ್ತೆಗೆ ಗೊತ್ತಿತ್ತು. ನಿಮ್ಮ ಮನಸ್ಸಿಗೆ ನೋವಾಗುತ್ತೆ ಅಂತ ತಿಂದ್ರು. ವಾಂತಿ ಬಂದದ್ದು ಬಿಸಿಲಿಗಲ್ಲ."

ಅವನು ಅವಳನ್ನೇ ನೋಡಿದ. ಬಸ್ಸು ಬಂದು ನಿಂತಿತು. ಜನ ಹತ್ತಿದರು. "ಅದರಲ್ಲಿ ಟೊಮೇಟೊ ಇತ್ತಲ್ಲ" ಎಂದ, ಬಹಳ ಸಣ್ಣ ದನಿಯಲ್ಲಿ. "ಹುಳಿ ಅದರದ್ದೇ ಅಂದ್ಕೊಂಡೆ." ಕಂಡಕ್ಟರ್ ಕೂಗಿದ. ಅವನು ಹತ್ತಿದ. ಕಿಟಕಿಯಿಂದ ತಿರುಗಿ ನೋಡಲಿಲ್ಲ.

ಅವತ್ತು ಲಾಂಡ್ರಿಯಲ್ಲಿ ಅವಳು ಯಾರದೋ ಬಿಳಿ ಅಂಗಿಯ ಕಾಲರ್ ಸುಟ್ಟಳು. ಇಷ್ಟು ವರ್ಷದಲ್ಲಿ ಅದು ಮೊದಲನೆಯದು. ಮಾಲೀಕಳಿಂದ ಬೈಸಿಕೊಂಡು, ಒಳ್ಳೇದೇ ಆಯಿತು, ಯಾರಾದರೂ ಬೈಯಬೇಕಾಗಿತ್ತು ಎಂದುಕೊಂಡಳು.

ಸಂಜೆ ಎಲ್ಲರೂ ಮೇಜಿನ ಸುತ್ತ ಕೂತರು. ಪುಟ್ಟಿ ಬರುವ ದಾರಿಯಲ್ಲಿ ಕೇಕ್ ತಂದಿದ್ದಳು, ಡಬ್ಬಿ ಇನ್ನೂ ಕಟ್ಟಿದ ಹಾಗೆಯೇ ಇತ್ತು. "ಹೇಳಪ್ಪ, ಹೇಗಾಯ್ತು?"

"ಮೂರು ಜನ ಇದ್ರು. ಭಟ್ಟಿ ಬಗ್ಗೆ ಕೇಳಿದ್ರು, ಹೇಳಿದೆ. ಖುಷಿಪಟ್ರು. ಮುಂದಿನ ವಾರ ಬರೋಕಾಗುತ್ತಾ ಅಂತಾನೂ ಕೇಳಿದ್ರು."

"ಅಂದ್ರೆ ಆಯ್ತು!"

"ಕೊನೇಲಿ ಆ ಪ್ರಶ್ನೆ ಕೇಳಿದ್ರು. ನೀನು ಹೇಳಿಕೊಟ್ಟದ್ದೇ ಶುರು ಮಾಡಿದೆ. 'ಹಿಡಿದ ಕೆಲಸ' ಅಂದೆ. ಅಲ್ಲಿಗೆ ಬಾಯಿ ಕಟ್ತು. ಅಮ್ಮ ಗೊತ್ತಿದ್ದೂ ತಟ್ಟೆ ಬಳೀತಿರೋದೇ ಕಣ್ಣಿಗೆ ಬರ್ತಿತ್ತು." ನೀರು ಕುಡಿದ. "ನನಗೆ ವಾಸನೆ ಗೊತ್ತಾಗಲ್ಲ, ನಿನ್ನೆ ನಮ್ಮಮ್ಮನಿಗೆ ಹಳಸಿದ ಬೇಳೆ ತಿನ್ನಿಸಿದೆ ಅಂತ ಹೇಳಿಬಿಟ್ಟೆ. ನಡುವೆ ಕೂತಿದ್ದ ಹೆಂಗಸು ಪೆನ್ನು ಕೆಳಗಿಟ್ಟು, 'ಇದನ್ನ ಯಾಕೆ ಹೇಳಿದ್ರಿ?' ಅಂದ್ರು. 'ನೀವೇ ಕೇಳಿದ್ರಲ್ಲ ಮೇಡಂ' ಅಂದೆ."

"ಆಮೇಲೆ?"

"ಆಮೇಲೆ ಏನು? ಭಟ್ಟಿ ಕೆಲಸ ಕೊಡೋಕಾಗಲ್ಲ ಅಂದ್ರು. ಅವರ ತಪ್ಪೇನಿದೆ ಅದರಲ್ಲಿ."

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಪುಟ್ಟಿ ಅಪ್ಪನನ್ನು ನೋಡಲಿಲ್ಲ, ಅಮ್ಮನ ಕಡೆ ತಿರುಗಿದಳು. "ಹಳಸಿದ ಬೇಳೆ ವಿಷಯ ಅಪ್ಪನಿಗೆ ಯಾರು ಹೇಳಿದ್ದು?"

"ನಾನು" ಎಂದಳು ಇಸ್ತ್ರಿಯಕ್ಕ.

"ಯಾವಾಗ?"

"ಬಸ್ ಸ್ಟಾಪಲ್ಲಿ."

"ಇಂಟರ್ವ್ಯೂಗೆ ಹೋಗೋವಾಗ! ಒಂದು ದಿನ, ಅರ್ಧ ದಿನ ಬಾಯಿ ಮುಚ್ಕೊಂಡಿರೋಕೆ ಆಗ್ಲಿಲ್ವಾ ನಿನಗೆ?"

"ಆಗ್ಲಿಲ್ಲ."

"ಅಜ್ಜಿಗೆ ಆಯ್ತು. ವಿಷ ತಿಂದು ಸುಮ್ನಿದ್ಲು. ನಿನಗಾಗ್ಲಿಲ್ಲ. ಕಲೀರಿ, ಕಲಿಸ್ತೀವಿ ಅಂದೋಳೂ ನೀನೇ!" ಅವಳ ದನಿ ಒಡೆಯಿತು. "ಹೋದ ವರ್ಷ ಬಿಟ್ಟೆ. ಈ ವರ್ಷಾನೂ ಬಿಡ್ತೀನಿ. ನನ್ನನ್ನ ಯಾರಾದ್ರೂ ಇಂಟರ್ವ್ಯೂ ಮಾಡಿದ್ರೆ ಹೇಳ್ತೀನಿ, ನನ್ನ ದೌರ್ಬಲ್ಯ ಈ ಮನೆ ಅಂತ."

"ಪುಟ್ಟಿ, ತಪ್ಪು ನಂದು ಕಣೇ" ಎಂದಳು ಅಜ್ಜಿ. "ಹುಳಿ ಅಂತ ಒಂದು ಮಾತು ಅಂದಿದ್ರೆ—"

"ನಿನ್ನ ತಪ್ಪು, ಅಪ್ಪನ ತಪ್ಪು, ಅಮ್ಮನ ತಪ್ಪು. ಹಂಚ್ಕೊಳ್ಳಿ ಎಲ್ಲಾ ಕೂತು." ಕುರ್ಚಿ ಹಿಂದಕ್ಕೆ ತಳ್ಳಿ ಎದ್ದುಹೋದಳು. ಕೇಕಿನ ಡಬ್ಬಿ ಎರಡು ದಿನ ಮೇಜಿನ ಮೇಲೇ ಇತ್ತು. ಮೂರನೆಯ ದಿನ ಇಸ್ತ್ರಿಯಕ್ಕ ಅದನ್ನು ಕಟ್ಟು ಬಿಚ್ಚದೆ ಕಸಕ್ಕೆ ಹಾಕಿದಳು. ಮಗಳು ಹೇಳಿದ್ದರಲ್ಲಿ ಸುಳ್ಳೇನಿದೆ ಎಂದು ಹುಡುಕಿದರೆ ಅವಳಿಗೆ ಒಂದೂ ಸಿಗುತ್ತಿರಲಿಲ್ಲ.

ಕೆಲವು ವಾರ ಕಳೆದ ಮೇಲೆ ಅದೇ ಕಾರ್ಖಾನೆಯಿಂದ ಫೋನು ಬಂತು. ಭಟ್ಟಿಗಲ್ಲ, ಗಾಡಿಗೆ ಲೋಡ್ ಮಾಡುವ ಕಡೆಗೆ. ಭಟ್ಟಿಯಿಂದ ಬಂದ ಬ್ರೆಡ್ಡಿನ ಕ್ರೇಟುಗಳನ್ನು ಎತ್ತಿ ಸಾಲಾಗಿ ಇಡುವುದು. ಸಂಬಳ ಅರ್ಧ, ಬೆನ್ನುನೋವು ಪೂರ್ತಿ. ಅವನು ಒಪ್ಪಿಕೊಂಡ. ಪುಟ್ಟಿಯ ಸೀಟು ಅಷ್ಟರಲ್ಲಿ ಬೇರೆಯವರ ಪಾಲಾಗಿತ್ತು. ಏಜೆನ್ಸಿಯ ಮೇಜಿನಲ್ಲಿ ಕೂತು ಅವಳು ಬೇರೆಯವರ ಅಪ್ಪಂದಿರಿಗೆ ಅದೇ ಉತ್ತರ ಹೇಳಿಕೊಡುತ್ತಿದ್ದಳು. ಮನೆಯಲ್ಲಿ ಬೇಕು ಬೇಡ ಬಿಟ್ಟರೆ ಮಾತಿಲ್ಲ.

"ಅಲ್ಲಿ ಒಳ್ಳೇ ಘಮ ಇರುತ್ತೆ, ಅಲ್ವಾ?" ಎಂದು ಒಮ್ಮೆ ಕೇಳಿ ಇಸ್ತ್ರಿಯಕ್ಕ ನಾಲಿಗೆ ಕಚ್ಚಿಕೊಂಡಳು.

"ದಾರೀಲಿ ಹೋಗೋರು ನಿಂತು ಉಸಿರೆಳೀತಾರೆ, ನೋಡ್ತೀನಿ" ಎಂದ ಅವನು. "ನನಗೆ ಕ್ರೇಟು ಬಿಸಿ ಇರೋದು ಗೊತ್ತಾಗುತ್ತೆ. ಕೈಗೆ."

ಆ ದಿನಗಳಲ್ಲೇ ಮನೆಯಲ್ಲಿ ಹೊಸ ಪದ್ಧತಿಯೊಂದು ಬಂತು. ಯಾರೂ ಮಾತಾಡಿ ಮಾಡಿಕೊಂಡದ್ದಲ್ಲ. ಬಡಿಸುವ ಮೊದಲು ಭಟ್ಟಿಯಣ್ಣ ಪಾತ್ರೆಯನ್ನು ಎರಡು ಕೈಯಲ್ಲಿ ಹಿಡಿದು ಯಾರದಾದರೂ ಮೂಗಿನ ಮುಂದೆ ತರುತ್ತಿದ್ದ. ಅಜ್ಜಿ ಕಣ್ಣು ಮುಚ್ಚಿ, ತಲೆದೂಗಿ, ಕಾಯಿಸಿ ಕಾಯಿಸಿ ತೀರ್ಪು ಕೊಡುವಳು. ಇಸ್ತ್ರಿಯಕ್ಕ ಥಟ್ಟನೆ ಹೇಳುವಳು. ಪುಟ್ಟಿಯ ಮುಂದೆ ತಂದರೆ ಅವಳು ಮುಖ ತಿರುಗಿಸುತ್ತಿದ್ದಳು, ಅವನು ಪಾತ್ರೆಯನ್ನು ಹೆಂಡತಿಯ ಕಡೆ ಒಯ್ಯುತ್ತಿದ್ದ.

ಒಂದು ಸಂಜೆ ಲಾಂಡ್ರಿಯಲ್ಲಿ ಹೆಚ್ಚು ಬಟ್ಟೆ ಬಂದು ಇಸ್ತ್ರಿಯಕ್ಕನಿಗೆ ತಡವಾಯಿತು. ಮೆಟ್ಟಿಲು ಹತ್ತಿ ಬಂದವಳು ಅರ್ಧ ತೆರೆದ ಬಾಗಿಲಲ್ಲಿ ನಿಂತಳು. ಮೇಜಿನಲ್ಲಿ ತಟ್ಟೆಗಳಿದ್ದವು. ಅಜ್ಜಿಗೆ ನೆಗಡಿ, ಮೂಗಿಗೆ ಕರವಸ್ತ್ರ ಒತ್ತಿಕೊಂಡು ಕೂತಿದ್ದಳು. ಭಟ್ಟಿಯಣ್ಣ ಪಾತ್ರೆ ಹಿಡಿದು ಮಗಳ ಪಕ್ಕದಲ್ಲಿ ನಿಂತಿದ್ದ.

"ಪುಟ್ಟಿ."

ಅವಳು ಮೊಬೈಲ್ ನೋಡುತ್ತಿದ್ದಳು.

"ನಾನೇ ಮಾಡಿದ್ದು. ಅಜ್ಜಿಗೆ ನೆಗಡಿ, ಗೊತ್ತಾಗಲ್ಲ ಅಂತಾಳೆ. ನಿಮ್ಮಮ್ಮ ಇನ್ನೂ ಬಂದಿಲ್ಲ."

ಅವಳು ತಲೆಯೆತ್ತಲಿಲ್ಲ. ಅವನೂ ಕದಲಲಿಲ್ಲ. ಪಾತ್ರೆ ಬಿಸಿ ಇದ್ದಿರಬೇಕು, ಬೆರಳುಗಳನ್ನು ಒಂದೊಂದಾಗಿ ಎತ್ತಿ ಮತ್ತೆ ಇಡುತ್ತಿದ್ದ, ಆದರೆ ಕೆಳಗಿಡಲಿಲ್ಲ. ಬಾಗಿಲಲ್ಲಿ ಇಸ್ತ್ರಿಯಕ್ಕ ಚಪ್ಪಲಿ ಬಿಡುವುದನ್ನೂ ಮರೆತಳು. ಒಳಗಿನ ವಾಸನೆ ಅವಳಿಗೆ ಅಲ್ಲಿಗೇ ಬರುತ್ತಿತ್ತು. ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಈ ಸಲ ಅವಳು ಬಾಯಿ ಮುಚ್ಚಿಕೊಂಡಿದ್ದಳು.

ಪುಟ್ಟಿ ಮೊಬೈಲನ್ನು ಮೇಜಿನ ಮೇಲೆ ಕವುಚಿ ಇಟ್ಟಳು. ಮುಂದಕ್ಕೆ ಬಾಗಿ ಪಾತ್ರೆಯ ಮೇಲೆ ಮುಖ ತಂದು ಮೂಸಿದಳು.

"ಹಳಸಿಲ್ಲ" ಎಂದಳು. ಸ್ವಲ್ಪ ತಡೆದು, "ತಳ ಹಿಡಿದಿದೆ ಅಪ್ಪ" ಎಂದಳು.

"ಹೌದಾ? ಬಹಳಾನಾ?"

"ಹೂಂ, ಬಹಳ." ಅವಳ ಕಣ್ಣು ತುಂಬಿತ್ತು. ತಟ್ಟೆಯನ್ನು ಅವನ ಕಡೆ ಸರಿಸಿದಳು. "ಪರವಾಗಿಲ್ಲ, ಬಡಿಸು."